ಸೈನಿಕನ ರಕ್ತದಲ್ಲಿ ಸಿಗರೇಟಿನ ಗುರುತು

ನಮ್ಮ 5ನೇ ಕ್ರೋಮೊಸೋಮಿನಲ್ಲಿ ಎಎಚ್‌ಆರ್‌ಆರ್ ಎಂಬ ಜೀನ್ ಇದೆ. ಅದರೊಳಗಿನ ಒಂದು ಪುಟ್ಟ ಜಾಗದ ಸಂಖ್ಯೆ ಸಿಜಿ05575921. ಡಿಎನ್‌ಎಯ ಅಕ್ಷರ ಬದಲಾಗದೆ ಜೀನಿನ ಕೆಲಸ ಹೇಗೆ ಬದಲಾಗುತ್ತದೆ ಎಂದು ನೋಡುವ ಎಪಿಜೆನೆಟಿಕ್ಸ್ ಕ್ಷೇತ್ರದವರಿಗೆಲ್ಲ ಈ ಸಂಖ್ಯೆ ಬಾಯಿಪಾಠ. ಬೀಡಿ, ಸಿಗರೇಟು ಮುಟ್ಟದವರ ರಕ್ತದಲ್ಲಿ ಆ ಜಾಗದ ಮಿಥೈಲೇಷನ್, ಅಂದರೆ ಡಿಎನ್‌ಎಗೆ ಅಂಟಿದ ಒಂದು ಪುಟ್ಟ ರಾಸಾಯನಿಕ ಗುರುತಿನ ಪ್ರಮಾಣ, ಶೇ 80ಕ್ಕಿಂತ ಮೇಲಿರುತ್ತದೆ. ವರ್ಷಗಟ್ಟಲೆ ದಿನಕ್ಕೊಂದು ಪ್ಯಾಕ್ ಸೇದಿದವರಲ್ಲಿ ಅದು ಶೇ 50ರ ಆಸುಪಾಸಿಗೆ ಬಂದಿರುತ್ತದೆ. ಇಷ್ಟು ದೊಡ್ಡ ಇಳಿತ ಈ ಕ್ಷೇತ್ರದಲ್ಲಿ ತೀರಾ ಅಪರೂಪ.

2020ರಲ್ಲಿ ಸೈನಿಕರದೂ ನಾಗರಿಕರದೂ ಸೇರಿ 10 ಗುಂಪುಗಳ 1,896 ಜನರ ಮಾಹಿತಿ ಒಟ್ಟುಗೂಡಿಸಿದ ಅಧ್ಯಯನವೊಂದು ಪ್ರಕಟವಾಯಿತು. ಎಲ್ಲರೂ ಆಘಾತ ಕಂಡವರೇ. ಕೆಲವರಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಹುಕಾಲ ಕಾಡುವ ಮಾನಸಿಕ ಕಾಯಿಲೆ, ಆಗಿತ್ತು, ಉಳಿದವರಿಗೆ ಆಗಿರಲಿಲ್ಲ. ಎರಡು ಗುಂಪಿನ ನಡುವೆ ವ್ಯತ್ಯಾಸ ಕಂಡದ್ದು 10 ಜಾಗಗಳಲ್ಲಿ. ಅದರಲ್ಲಿ ನಾಲ್ಕು ಈ ಎಎಚ್‌ಆರ್‌ಆರ್ ಜೀನಿನವೇ! ಪಿಟಿಎಸ್‌ಡಿ ಇದ್ದವರಲ್ಲಿ ಮಿಥೈಲೇಷನ್ ಕಡಿಮೆ.

ಯಾರಿಗಾದರೂ ಮೊದಲು ಬರುವ ಅನುಮಾನ ಒಂದೇ. ಪಿಟಿಎಸ್‌ಡಿ ಇರುವ ಸೈನಿಕರು ಹೆಚ್ಚು ಸೇದುತ್ತಾರೆ, ಇವರು ಅಳೆದದ್ದು ಸಿಗರೇಟನ್ನೇ ಇರಬೇಕು. ಆದರೆ ಆ ವ್ಯತ್ಯಾಸ ಎದ್ದು ಕಂಡದ್ದು ಸೇದದವರಲ್ಲಿ. ಹಾಗಾಗಿ ಅದನ್ನು ಪೂರ್ತಿ ಹೊಗೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ಎಎಚ್‌ಆರ್‌ಆರ್ ಹತೋಟಿಯಲ್ಲಿಡುವ ಗ್ರಾಹಕಕ್ಕೆ (ಕಣದೊಳಗೆ ರಾಸಾಯನಿಕಗಳು ಬಂದು ಅಂಟುವ ಪ್ರೋಟೀನಿಗೆ) ಹೊಗೆಯ ರಾಸಾಯನಿಕಗಳಷ್ಟೇ ಅಲ್ಲದೆ ಕೈನುರೆನಿನ್ ಎಂಬ ವಸ್ತುವೂ ಅಂಟುತ್ತದೆ. ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲ ಒಡೆದಾಗ ದೇಹದಲ್ಲೇ ಹುಟ್ಟುವ ವಸ್ತು ಅದು, ರೋಗನಿರೋಧಕ ವ್ಯವಸ್ಥೆಯ ಜತೆ ಅದರ ನಂಟು. ಪಿಟಿಎಸ್‌ಡಿ ಇದ್ದವರಲ್ಲಿ ಅದರ ಪ್ರಮಾಣವೂ ಕಡಿಮೆ ಇತ್ತು. ಅಂದರೆ ಇಲ್ಲಿ ಏನೋ ಇದೆ. ಆದರೆ ಅದನ್ನು ಸಿಗರೇಟಿನಿಂದ, ಕುಡಿತದಿಂದ, ನಿದ್ದೆಗೇಡಿನಿಂದ, ಸ್ಫೋಟದ ಪೆಟ್ಟಿನಿಂದ ಬಿಡಿಸಿ ತೆಗೆಯುವುದೇ ಈ ಕ್ಷೇತ್ರದ ಮುಕ್ಕಾಲು ಪಾಲು ಕೆಲಸ. 'ಯುದ್ಧ ಡಿಎನ್‌ಎಯಲ್ಲಿ ಬರೆದುಹೋಗುತ್ತದೆ' ಎಂದು ವಾಟ್ಸಾಪಿನಲ್ಲಿ ಓಡಾಡುವ ಸಾಲಿನಲ್ಲಿ ಈ ತಾಪತ್ರಯದ ಸುಳಿವೇ ಇರುವುದಿಲ್ಲ.

ಬರೆಯುವುದು ಎಂಬ ಮಾತೇ ದಾರಿ ತಪ್ಪಿಸುತ್ತದೆ. ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದು ಸೈಟೊಸಿನ್. ಅದರ ಪಕ್ಕದಲ್ಲೇ ಗ್ವಾನಿನ್ ಬಂದರೆ ಆ ಜೋಡಿಗೆ ಸಿಪಿಜಿ ಎನ್ನುತ್ತಾರೆ. ನಮ್ಮ ಜೀನೋಮಿನಲ್ಲಿ ಇಂಥವು ಸುಮಾರು 2.8 ಕೋಟಿ. ಈ ಸೈಟೊಸಿನ್ನಿನ ಐದನೇ ಇಂಗಾಲಕ್ಕೆ ಒಂದು ಮಿಥೈಲ್ ಗುಂಪು, ಅಂದರೆ ಒಂದು ಇಂಗಾಲ ಮೂರು ಜಲಜನಕ, ಬಂದು ಕೂರುವುದೇ ಮಿಥೈಲೇಷನ್. ಅಕ್ಷರ ಬದಲಾಗುವುದಿಲ್ಲ. ಜೀನಿನ ಬಾಗಿಲಿಗೆ ಹಾಕಿದ ಚಿಲಕದ ಹಾಗೆ ಅದು. ಡಿಎನ್‌ಎಂಟಿ ಎಂಬ ಕಿಣ್ವಗಳು ಹಾಕುತ್ತವೆ, ಟೆಟ್ ಕಿಣ್ವಗಳು ತೆಗೆಯುವ ಕೆಲಸ ಶುರುಮಾಡುತ್ತವೆ. ಚಿಲಕ ಬಿದ್ದ ಬಾಗಿಲುಗಳೆಲ್ಲ ಮುಚ್ಚಿಯೇ ಇರುತ್ತವೆ ಎಂದೂ ಇಲ್ಲ. ಜೀನಿನ ಶುರುವಿನ ಭಾಗದಲ್ಲಿ ಮಿಥೈಲೇಷನ್ ಸಾಮಾನ್ಯವಾಗಿ ಜೀನನ್ನು ಸುಮ್ಮನಿರಿಸುತ್ತದೆ, ಜೀನಿನ ಒಡಲಲ್ಲಿ ಎಷ್ಟೋ ಸಲ ಇದಕ್ಕೆ ತದ್ವಿರುದ್ಧ.

ಪಿಟಿಎಸ್‌ಡಿ ಕಡೆಯ ಅಳತೆಯನ್ನೂ ನೋಡಿಬಿಡೋಣ. 1915ರಲ್ಲಿ 'ಶೆಲ್ ಶಾಕ್' ಎಂದು ವೈದ್ಯಕೀಯ ಪತ್ರಿಕೆಗೆ ಬಂದದ್ದು, ವಿಯೆಟ್ನಾಂ ಯುದ್ಧದ ನಂತರ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಈಗಿನ ಹೆಸರು ಪಡೆಯಿತು. ಕರೆಯದೆ ನುಗ್ಗಿ ಬರುವ ನೆನಪು, ನೆನಪಿಸುವುದೆಲ್ಲದರಿಂದ ತಪ್ಪಿಸಿಕೊಳ್ಳುವುದು, ಮನಸ್ಸಿನ ಕತ್ತಲೆ, ಸದಾ ಮೈಯೆಲ್ಲ ಕಿವಿಯಾಗಿರುವ ಎಚ್ಚರ: ಈ ನಾಲ್ಕು ಬಗೆಯ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಕಾಡಬೇಕು. ಪಿಸಿಎಲ್-5 ಎಂಬ ಪ್ರಶ್ನಾವಳಿಯಲ್ಲಿ 20 ಪ್ರಶ್ನೆ, ಪ್ರತಿಯೊಂದಕ್ಕೆ 0ರಿಂದ 4, ಒಟ್ಟು 80. 31ರಿಂದ 33ರ ಗಡಿ ದಾಟಿದರೆ ಪೂರ್ಣ ಸಂದರ್ಶನಕ್ಕೆ ಕಳಿಸುತ್ತಾರೆ. ಸಂದರ್ಶನದ ಹೆಸರು ಕ್ಯಾಪ್ಸ್-5. ಗಮನಿಸಿ, ಪ್ರಶ್ನಾವಳಿಯಲ್ಲಿ 45 ಬಂದ ಇಬ್ಬರು ಸೈನಿಕರ ಲಕ್ಷಣಗಳಲ್ಲಿ ಹೋಲಿಕೆ ತೀರಾ ಕಡಿಮೆ ಇರಬಹುದು. ಒಬ್ಬನಿಗೆ ರಾತ್ರಿಯ ದುಃಸ್ವಪ್ನ, ಇನ್ನೊಬ್ಬನಿಗೆ ತಪ್ಪಿತಸ್ಥ ಭಾವ. ಇಬ್ಬರನ್ನೂ ಒಂದೇ ಡಬ್ಬಿಗೆ ಹಾಕಿ ರಕ್ತದಲ್ಲಿ ಒಂದೇ ಗುರುತು ಹುಡುಕುತ್ತೇವೆ. ಸಂಕೇತ ಮಂಕಾಗಿ ಕಾಣುವುದು ಇಲ್ಲಿಂದಲೇ ಶುರು.

ಈಗ ಟ್ಯೂಬಿನಿಂದ ಅಂಕಿಯವರೆಗಿನ ದಾರಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆಯುತ್ತಾರೆ. ಡಿಎನ್‌ಎ ಸಿಗುವುದು ಬಿಳಿ ರಕ್ತಕಣಗಳಿಂದ, ಕೆಂಪು ಕಣಗಳಲ್ಲಿ ಅದು ಇಲ್ಲ. ಒಂದು ಮಿಲಿಲೀಟರ್ ರಕ್ತದಿಂದ 20–40 ಮೈಕ್ರೊಗ್ರಾಂ ಡಿಎನ್‌ಎ ಬರುತ್ತದೆ. ಬೇಕಾದದ್ದು 500 ನ್ಯಾನೊಗ್ರಾಂ ಮಾತ್ರ, ಹಾಗಾಗಿ ಕೊರತೆಯ ಮಾತಿಲ್ಲ. ಮುಖ್ಯ ಹಂತ ಬೈಸಲ್ಫೈಟ್ ಸಂಸ್ಕರಣೆ. ಬೈಸಲ್ಫೈಟ್ ಉಪ್ಪು ಮಿಥೈಲ್ ಇಲ್ಲದ ಸೈಟೊಸಿನ್ನನ್ನು ಯುರಾಸಿಲ್ ಮಾಡುತ್ತದೆ, ಮಿಥೈಲ್ ಹೊತ್ತದ್ದನ್ನು ಮುಟ್ಟುವುದಿಲ್ಲ. ಮುಂದೆ ಓದುವಾಗ ಸಿ ಎಂದು ಉಳಿದದ್ದು ಮಿಥೈಲ್ ಇದ್ದದ್ದು, ಟಿ ಎಂದು ಬಂದದ್ದು ಇಲ್ಲದ್ದು. ಚಿಪ್‌ಗೆ ಹಾಕುವ ಮಾದರಿಗಳಿಗೆ ಸಾಮಾನ್ಯವಾಗಿ 95 ಡಿಗ್ರಿಯಲ್ಲಿ 30 ಸೆಕೆಂಡು, 50 ಡಿಗ್ರಿಯಲ್ಲಿ 60 ನಿಮಿಷ, ಹೀಗೆ 16 ಸುತ್ತು. ಯಂತ್ರ ರಾತ್ರಿಯಿಡೀ ಓಡುತ್ತದೆ. ನಡುವೆ ಕರೆಂಟು ಹೋದರೆ, ಅಥವಾ ಬಹಳ ದಿನ ತೆರೆದಿಟ್ಟ ಹಳೆಯ ದ್ರಾವಣ ಬಳಸಿದರೆ ಪರಿವರ್ತನೆ ಅರ್ಧಕ್ಕೇ ನಿಲ್ಲುತ್ತದೆ. ಆಗ ಪರಿವರ್ತನೆಯಾಗದ ಸೈಟೊಸಿನ್ ಎಲ್ಲ ಮಿಥೈಲ್ ಇದ್ದದ್ದರ ಹಾಗೇ ಕಾಣುತ್ತದೆ. ಹೊಸಬರು 'ಮಿಥೈಲೇಷನ್ ಎಲ್ಲೆಡೆ ಏರಿದೆ' ಎಂದು ಹಿಗ್ಗುವುದು ಸಾಮಾನ್ಯವಾಗಿ ಇಂಥ ಪ್ಲೇಟ್ ನೋಡಿ.

ಇನ್ನೊಂದು ಮಿತಿ: ಬೈಸಲ್ಫೈಟ್‌ಗೆ ಮಿಥೈಲ್ ಮತ್ತು ಹೈಡ್ರಾಕ್ಸಿಮಿಥೈಲ್ ನಡುವಿನ ವ್ಯತ್ಯಾಸ ತಿಳಿಯುವುದಿಲ್ಲ. ರಕ್ತದಲ್ಲಿ ಎರಡನೆಯದು ಅತ್ಯಲ್ಪ, ಅಡ್ಡಿಯಿಲ್ಲ. ಮಿದುಳಿನಲ್ಲಿ ಅದು ಧಾರಾಳ, ಅಲ್ಲಿ ಇದು ನಿಜವಾದ ತೊಡಕು.

ನಂತರ ಇಲ್ಯುಮಿನಾ ಕಂಪನಿಯ ಎಪಿಕ್ ಚಿಪ್. ಅದರ ಮೊದಲ ಆವೃತ್ತಿ 8.5 ಲಕ್ಷಕ್ಕೂ ಹೆಚ್ಚು ಜಾಗ ಓದುತ್ತಿತ್ತು, ಅಂದರೆ ಒಟ್ಟು ಸಿಪಿಜಿಗಳಲ್ಲಿ ಶೇ 3ರಷ್ಟು. ಪ್ರತಿ ಜಾಗಕ್ಕೂ 0ಯಿಂದ 1ರ ನಡುವೆ ಬೀಟಾ ಎಂಬ ಅಂಕಿ ಬರುತ್ತದೆ: ಮಿಥೈಲ್ ಇದ್ದದ್ದರ ಹೊಳಪನ್ನು ಒಟ್ಟು ಹೊಳಪಿಗೆ 100 ಸೇರಿಸಿದ ಮೊತ್ತದಿಂದ ಭಾಗಿಸಬೇಕು. ಆ 100 ಯಾಕೆ ಎಂದರೆ, ಬೆಳಕೇ ಇಲ್ಲದ ಜಾಗದಲ್ಲಿ ಅಂಕಿ ಹುಚ್ಚೆದ್ದು ಕುಣಿಯದಿರಲಿ ಎಂದು.

ಒಂದು ಚಿಪ್‌ನಲ್ಲಿ 8 ಮಾದರಿ, ಮೇಲಿಂದ ಕೆಳಗೆ ಒಂದೇ ಸಾಲು. ಹೆಚ್ಚಿನ ಎಡವಟ್ಟು ಆಗುವುದು ಇಲ್ಲಿ. ಯುದ್ಧಕ್ಕೆ ಹೋಗುವ ಮುಂಚಿನ ರಕ್ತವನ್ನೆಲ್ಲ ಒಂದು ವಾರ, ಬಂದ ಮೇಲಿನ ರಕ್ತವನ್ನೆಲ್ಲ ಇನ್ನೊಂದು ವಾರ ಓಡಿಸಿದರೆ ಯುದ್ಧದ ಪರಿಣಾಮ ಮತ್ತು ಚಿಪ್ಪಿನ ಪರಿಣಾಮ ಬೆರೆತು ಒಂದೇ ಆಗುತ್ತದೆ. ಆಮೇಲೆ ಯಾವ ಸಾಫ್ಟ್‌ವೇರಿನಿಂದಲೂ ಬಿಡಿಸಲಾಗದು. ಒಬ್ಬನ ಎರಡೂ ಟ್ಯೂಬುಗಳು ಒಂದೇ ಚಿಪ್ಪಿನಲ್ಲಿರಬೇಕು, ಪಿಟಿಎಸ್‌ಡಿ ಇದ್ದವರೂ ಇಲ್ಲದವರೂ ಬೆರೆತಿರಬೇಕು, ಯಾವ ಮಾದರಿ ಎಷ್ಟನೇ ಸ್ಥಾನಕ್ಕೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕು. ಟ್ಯೂಬು ಅದಲುಬದಲಾಗಿದೆಯೇ ಎಂದು ಹಿಡಿಯಲು ಆ ಆವೃತ್ತಿಯ ಚಿಪ್ಪಿನಲ್ಲೇ 59 ಜೀನ್ ಭಿನ್ನತೆಗಳ ಗುರುತುಗಳಿವೆ. ಮುಂಚಿನ ಮಾದರಿಗೂ ನಂತರದ ಮಾದರಿಗೂ ಅವು ತಾಳೆಯಾಗದಿದ್ದರೆ ಅದು ಒಬ್ಬನ ರಕ್ತವಲ್ಲ. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಆದರೂ ಇದನ್ನು ಮಾಡಿದ್ದೇವೆ ಎಂಬ ಒಂದು ಸಾಲು ಎಷ್ಟೋ ಪ್ರಬಂಧಗಳಲ್ಲಿ ಇರುವುದಿಲ್ಲ.

ಎಂಟೂವರೆ ಲಕ್ಷ ಜಾಗ ಪರೀಕ್ಷಿಸಿ ಮಾಮೂಲಿ ಶೇ 5ರ ಗಡಿ ಇಟ್ಟರೆ 42,500 ಜಾಗಗಳು ಬರೀ ಅದೃಷ್ಟದಿಂದ 'ಸಿಕ್ಕಿಬಿಡುತ್ತವೆ'. ಅದಕ್ಕೇ ಎಪಿಕ್ ಚಿಪ್ಪಿಗೆ ಒಪ್ಪಿತವಾದ ಗಡಿ ಹತ್ತು ಕೋಟಿಯಲ್ಲಿ ಒಂಬತ್ತು. ಒತ್ತಡದ ಹಾರ್ಮೋನಿಗೆ ಸಂಬಂಧಿಸಿದ ಜೀನೊಂದರ ಬಗ್ಗೆ 'ಎಫ್‌ಕೆಬಿಪಿ5ರಲ್ಲಿ ವ್ಯತ್ಯಾಸ ಕಂಡಿತು, ಪಿ 0.03' (ಶೇ 5ರ ಗಡಿಯೊಳಗೆ, ಶೇ 3) ಎಂಬಂಥ ವಾಕ್ಯ ಕಂಡರೆ, ಅದೊಂದೇ ಜೀನನ್ನು ಮೊದಲೇ ಆರಿಸಿ ಅಳೆದಿದ್ದರೋ, ಹುಡುಕಿ ಹುಡುಕಿ ಕೊನೆಗೆ ಅಲ್ಲಿ ನಿಂತರೋ ಎಂದು ಕೇಳಬೇಕು.

ಇಷ್ಟೆಲ್ಲ ಸರಿಯಿದ್ದರೂ ರಕ್ತ ಮೋಸ ಮಾಡುತ್ತದೆ. ರಕ್ತ ಎಂದರೆ ಒಂದು ಬಗೆಯ ಕಣವಲ್ಲ, ಹಲವು ಬಿಳಿಕಣಗಳ ಮಿಶ್ರಣ. ಪ್ರತಿ ಬಗೆಗೂ ತನ್ನದೇ ಮಿಥೈಲೇಷನ್. ಒಂದು ಜಾಗ ನ್ಯೂಟ್ರೊಫಿಲ್‌ಗಳಲ್ಲಿ ಶೇ 20, ಲಿಂಫೊಸೈಟುಗಳಲ್ಲಿ ಶೇ 80 ಎಂದಿಟ್ಟುಕೊಳ್ಳಿ. ನ್ಯೂಟ್ರೊಫಿಲ್ 60, ಲಿಂಫೊಸೈಟ್ 40ರ ಪ್ರಮಾಣದಲ್ಲಿದ್ದರೆ ರಕ್ತದ ಅಂಕಿ 12 ಕೂಡಿಸು 32, ಒಟ್ಟು 44. ಅದೇ ಮನುಷ್ಯನಿಗೆ ಒತ್ತಡದಿಂದಲೋ ಸಣ್ಣ ಸೋಂಕಿನಿಂದಲೋ ಪ್ರಮಾಣ 65–35 ಆದರೆ 13 ಕೂಡಿಸು 28, ಅಂದರೆ 41. ಯಾವ ಕಣದಲ್ಲೂ ಒಂದು ಮಿಥೈಲ್ ಕೂಡ ಅಲುಗಿಲ್ಲ, ಆದರೂ ಮೂರು ಶೇಕಡಾ ಇಳಿತ! ಪಿಟಿಎಸ್‌ಡಿ ಅಧ್ಯಯನಗಳಲ್ಲಿ ವರದಿಯಾಗುವ ವ್ಯತ್ಯಾಸಗಳು ಹೆಚ್ಚಾಗಿ ಇದೇ ಗಾತ್ರದವು, ಇದಕ್ಕಿಂತ ಸಣ್ಣವೂ ಉಂಟು. 2012ರಲ್ಲಿ ಬಂದ ಹೌಸ್‌ಮನ್ ವಿಧಾನ ಚಿಪ್ಪಿನ ಅಂಕಿಗಳಿಂದಲೇ ಕಣಗಳ ಪ್ರಮಾಣ ಅಂದಾಜಿಸಿ ಲೆಕ್ಕ ಸರಿದೂಗಿಸುತ್ತದೆ. ಅದನ್ನು ಬಳಸದ ಹಳೆಯ ಅಧ್ಯಯನಗಳನ್ನು ಈಗ ಓದುವಾಗ ಒಂದು ಚಿಟಿಕೆ ಉಪ್ಪಲ್ಲ, ಒಂದು ಮುಷ್ಟಿಯೇ ಬೇಕು.

ಈ ಕಾರಣಕ್ಕೇ ಸೈನಿಕರ ಅಧ್ಯಯನಗಳಿಗೆ ಅಷ್ಟು ಬೆಲೆ. ಅಪಘಾತ ಯಾರಿಗೆ ಯಾವಾಗ ಆಗುತ್ತದೆ ಎಂದು ಮುಂಚೆ ಗೊತ್ತಾಗದು. ಪಲ್ಟನ್ ಯಾವ ತಿಂಗಳು ಹೊರಡುತ್ತದೆ ಎಂಬುದು ಗೊತ್ತಿರುತ್ತದೆ. ಹೊರಡುವ ಮುಂಚೆ ರಕ್ತ ತೆಗೆದಿಡಬಹುದು, ಬಂದ ಮೇಲೆ ಮತ್ತೆ ತೆಗೆದು ಮನುಷ್ಯನನ್ನು ಅವನ ಜತೆಗೇ ಹೋಲಿಸಬಹುದು. ನೆದರ್ಲೆಂಡ್ಸ್‌ನ ಪ್ರಿಸ್ಮೊ ಅಧ್ಯಯನ ಅಫ್ಘಾನಿಸ್ತಾನಕ್ಕೆ ಹೋದ ಡಚ್ ಸೈನಿಕರಲ್ಲಿ ಹೀಗೇ ಮಾಡಿತು. ಅಮೆರಿಕದ ಮರೀನ್ ರೆಸಿಲಿಯೆನ್ಸಿ ಸ್ಟಡಿ ಮತ್ತು ಆರ್ಮಿ ಸ್ಟಾರ್ಸ್ ಕೂಡ. ಮುಂಚಿನ ರಕ್ತ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಿದುಳಿನಿಂದ ಒಂದು ಉದಾಹರಣೆ ಇದೆ. ಪಿಟಿಎಸ್‌ಡಿ ಇರುವವರಲ್ಲಿ ಹಿಪ್ಪೊಕ್ಯಾಂಪಸ್ ಎಂಬ ನೆನಪಿನ ಭಾಗ ಚಿಕ್ಕದಿರುತ್ತದೆ, ಆಘಾತವೇ ಅದನ್ನು ಕುಗ್ಗಿಸಿತು ಎಂದು ಬಹುಕಾಲ ನಂಬಿದ್ದರು. 2002ರಲ್ಲಿ ವಿಯೆಟ್ನಾಂಗೆ ಹೋದವರ ಏಕಾಂಡ ಅವಳಿಗಳನ್ನು ಅಳೆದರು. ಯುದ್ಧವನ್ನೇ ಕಾಣದೆ ಮನೆಯಲ್ಲಿದ್ದ ಅವಳಿ ಸೋದರನಲ್ಲೂ ಅದು ಅಷ್ಟೇ ಚಿಕ್ಕದಿತ್ತು. ಗಾಯ ಎಂದುಕೊಂಡದ್ದರಲ್ಲಿ ಬಹುಪಾಲು ಯುದ್ಧಕ್ಕೂ ಮುಂಚಿನದೇ ಇರಬೇಕು. ಮಿಥೈಲೇಷನ್ ವಿಷಯದಲ್ಲಿ ಇದೇ ತಪ್ಪು ಮತ್ತೆ ಮಾಡುವುದು ಬಹಳ ಸುಲಭ.

ಮೇಲಿನ ಮೂರೂ ಸೈನಿಕ ಅಧ್ಯಯನಗಳನ್ನು ಸೇರಿಸಿದ 2020ರ ಇನ್ನೊಂದು ವಿಶ್ಲೇಷಣೆಯಲ್ಲಿ ಕೊನೆಗೆ ಉಳಿದವರು 266 ಪುರುಷರು. 123 ಜನರಿಗೆ ಪಿಟಿಎಸ್‌ಡಿ, 143 ಜನರಿಗೆ ಇಲ್ಲ. ಕಟ್ಟುನಿಟ್ಟಿನ ಗಡಿ ದಾಟಿದ್ದು ಬರೀ ಮೂರು ಜಾಗ, ಅವುಗಳಲ್ಲಿ ಒಂದು ಎಂಎಡಿ1ಎಲ್1 ಜೀನಿನಲ್ಲಿ, ಒಂದು ಎಚ್‌ಇಎಕ್ಸ್‌ಡಿಸಿಯಲ್ಲಿ, ಮೂರನೆಯದು ಯಾವ ಜೀನಿನದೂ ಅಲ್ಲದ ಬಯಲಿನಲ್ಲಿ. ಎಲ್ಲರೂ ಕಾಯುತ್ತಿದ್ದ ಒತ್ತಡದ ಹಾರ್ಮೋನಿನ ಜೀನುಗಳು ಪಟ್ಟಿಯಲ್ಲೇ ಇರಲಿಲ್ಲ. ಎಎಚ್‌ಆರ್‌ಆರ್ ಕೂಡ.

ಹಾಗಾದರೆ ಎಫ್‌ಕೆಬಿಪಿ5 ಬಗ್ಗೆ ಇಷ್ಟು ಮಾತು ಯಾಕೆ? ಅದರ ಕೆಲಸದ ಬಗೆ ಚೆನ್ನಾಗಿ ಗೊತ್ತಿರುವುದರಿಂದ. ಹೆದರಿಕೆಯಾದಾಗ ಕಾರ್ಟಿಸಾಲ್ ಏರುತ್ತದೆ, ಕಣದೊಳಗಿನ ಗ್ರಾಹಕಕ್ಕೆ ಅಂಟುತ್ತದೆ, ಗ್ರಾಹಕ ನ್ಯೂಕ್ಲಿಯಸ್ಸಿಗೆ ಹೋಗಿ ಹಲವು ಜೀನುಗಳನ್ನು ಎಬ್ಬಿಸುತ್ತದೆ. ಹಾಗೆ ಎದ್ದವುಗಳಲ್ಲಿ ಎಫ್‌ಕೆಬಿಪಿ5 ಒಂದು. ಅದರಿಂದ ತಯಾರಾಗುವ ಪ್ರೋಟೀನು ಮರಳಿ ಬಂದು ಅದೇ ಗ್ರಾಹಕಕ್ಕೆ ಜೋತುಬಿದ್ದು ಅದನ್ನು ಮಂದಗೊಳಿಸುತ್ತದೆ. ಕುಕ್ಕರಿನ ವೆಯ್ಟ್ ಇದ್ದ ಹಾಗೆ, ಒತ್ತಡವೇ ಒತ್ತಡವನ್ನು ಇಳಿಸುವ ವ್ಯವಸ್ಥೆ. 2013ರಲ್ಲಿ ಕಂಡದ್ದೇನೆಂದರೆ, ಈ ಜೀನಿನ ಒಂದು ನಿರ್ದಿಷ್ಟ ಭಿನ್ನತೆ ಇದ್ದು, ಜತೆಗೆ ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಜೀನಿನ 7ನೇ ಇಂಟ್ರಾನ್ ಎಂಬ ಭಾಗದ ಮಿಥೈಲ್ ಕಳಚಿಹೋಗಿತ್ತು. ಭಿನ್ನತೆ ಮಾತ್ರ ಇದ್ದರೆ ಇಲ್ಲ, ಹಿಂಸೆ ಮಾತ್ರ ಇದ್ದರೂ ಇಲ್ಲ. ಅದು ಅಟ್ಲಾಂಟಾದ ನಾಗರಿಕರ ಮೇಲಿನ ಕೆಲಸ, ಬಾಲ್ಯದ ಮಾತು. ಇಪ್ಪತ್ತೈದರ ವಯಸ್ಸಿನಲ್ಲಿ ನೆಲಬಾಂಬು ಕಂಡವನಿಗೆ ಅದನ್ನು ಹಾಗೇ ಅನ್ವಯಿಸುವಂತಿಲ್ಲ.

ಇಲ್ಲೊಂದು ಕಗ್ಗಂಟೂ ಇದೆ. ಆ ಲೆಕ್ಕದ ಪ್ರಕಾರ ಮಿಥೈಲ್ ಕಳಚಿದಾಗ ಎಫ್‌ಕೆಬಿಪಿ5 ಹೆಚ್ಚಿ, ಗ್ರಾಹಕ ಮಂದವಾಗಬೇಕು. ಆದರೆ ಪಿಟಿಎಸ್‌ಡಿ ಇರುವ ಮಾಜಿ ಸೈನಿಕರಿಗೆ ಕಾರ್ಟಿಸಾಲಿನಂತೆ ಕೆಲಸ ಮಾಡುವ ಡೆಕ್ಸಾಮೆಥಾಸೋನ್ ಔಷಧಿ ಅರ್ಧ ಮಿಲಿಗ್ರಾಂ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಮರುದಿನದ ಕಾರ್ಟಿಸಾಲ್ ಬೇರೆಯವರಿಗಿಂತ ಹೆಚ್ಚು ಕುಸಿಯಿತು, ಅಂದರೆ ಗ್ರಾಹಕ ಚುರುಕಾಗಿದೆ. ಖಿನ್ನತೆಯಲ್ಲಿ ಸಾಮಾನ್ಯವಾಗಿ ಕಾಣುವುದು ಇದಕ್ಕೆ ಉಲ್ಟಾ. ಪಿಟಿಎಸ್‌ಡಿ ಇರುವವರಲ್ಲಿ ಬಹಳ ಜನರಿಗೆ ಖಿನ್ನತೆಯೂ ಇರುತ್ತದೆ. ಯಾವ ಸೈನಿಕನಲ್ಲಿ ಯಾವುದು ಮೇಲುಗೈ ಎಂದು ನೋಡದೆ ಎಲ್ಲರ ಸರಾಸರಿ ತೆಗೆದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ.

ಚಿಕಿತ್ಸೆಯ ನಂತರ ಚಿಲಕ ಸರಿಯುತ್ತದೆಯೇ? 2013ರಲ್ಲೇ ಪಿಟಿಎಸ್‌ಡಿ ಸಂಶೋಧಕಿ ರೇಚಲ್ ಯೆಹೂದಾ ತಂಡ 16 ಮಾಜಿ ಸೈನಿಕರನ್ನು 12 ವಾರಗಳ ಪ್ರೊಲಾಂಗ್ಡ್ ಎಕ್ಸ್‌ಪೋಷರ್ (ಹೆದರಿಸುವ ನೆನಪನ್ನು ಮೆಲ್ಲಮೆಲ್ಲನೆ ಎದುರಿಸುವ) ಚಿಕಿತ್ಸೆಯ ಮುಂಚೆ ಮತ್ತು ನಂತರ ಅಳೆಯಿತು. ಗ್ರಾಹಕದ ಜೀನಾದ ಎನ್‌ಆರ್3ಸಿ1ರ ಮಿಥೈಲೇಷನ್, ಯಾರು ಗುಣವಾಗುತ್ತಾರೆ ಎಂಬುದನ್ನು ಮುಂಚೆಯೇ ಸೂಚಿಸಿತು, ಚಿಕಿತ್ಸೆಯಿಂದ ಬದಲಾಗಲಿಲ್ಲ. ಎಫ್‌ಕೆಬಿಪಿ5 ಏನೂ ಸೂಚಿಸಲಿಲ್ಲ, ಆದರೆ ಗುಣವಾದವರಲ್ಲಿ ಇಳಿಯಿತು. ಒಂದು ಹಣೆಬರಹದಂತೆ, ಇನ್ನೊಂದು ಥರ್ಮಾಮೀಟರಿನಂತೆ. ಯೋಚನೆ ಚೆಂದ. ಆದರೆ 16 ಜನ! ಇಬ್ಬರು ಆ ಕಡೆ ಈ ಕಡೆಯಾದರೆ ಫಲಿತಾಂಶ ಉರುಳುತ್ತದೆ. ಇದನ್ನು ಸುಳಿವೆಂದು ಇಟ್ಟುಕೊಳ್ಳಬಹುದು, ಚಿಕಿತ್ಸೆ ಆರಿಸುವ ಸಾಧನವೆಂದು ಬಳಸುವಂತಿಲ್ಲ.

ಮಕ್ಕಳಿಗೆ ದಾಟುತ್ತದೆಯೇ ಎಂಬ ಪ್ರಶ್ನೆಗೂ ಇದೇ ಗತಿ. ಹೆಚ್ಚು ಮಾತಿಗೆ ಬರುವ ಅಧ್ಯಯನದಲ್ಲಿ ಇದ್ದವರು ನಾಜಿ ನರಮೇಧದಿಂದ ಬದುಕಿ ಉಳಿದ 32 ಜನ, ಅವರ 22 ಮಕ್ಕಳು, ಹೋಲಿಕೆಗೆ ಬೆರಳೆಣಿಕೆಯ ಜನ. ಎಫ್‌ಕೆಬಿಪಿ5 ಮಿಥೈಲೇಷನ್ನಿನ ವ್ಯತ್ಯಾಸ ಹೆತ್ತವರಲ್ಲಿ ಒಂದು ದಿಕ್ಕಿಗೆ, ಮಕ್ಕಳಲ್ಲಿ ಇನ್ನೊಂದು ದಿಕ್ಕಿಗೆ. ಅಂಡ, ವೀರ್ಯಗಳು ರೂಪುಗೊಳ್ಳುವಾಗ ಒಮ್ಮೆ, ಭ್ರೂಣದ ಮೊದಲ ದಿನಗಳಲ್ಲಿ ಇನ್ನೊಮ್ಮೆ ಮಿಥೈಲೇಷನ್ ಬಹುಪಾಲು ಒರೆಸಿಹೋಗುತ್ತದೆ. ರಾತ್ರಿ ಚೀರಿ ಏಳುವ ಅಪ್ಪನ ಮನೆಯಲ್ಲಿ ಬೆಳೆಯುವುದೇ ಮಗುವಿಗೆ ಸಾಕಷ್ಟು ಒತ್ತಡ, ವೀರ್ಯದ ಮೂಲಕವೇ ಬರಬೇಕಿಲ್ಲ. ನಿವೃತ್ತ ಸೈನಿಕರ ಮನೆಯವರು ಇದನ್ನೋದಿ ಹೆದರಬೇಕಾದ್ದಿಲ್ಲ.

ಭಾರತದ ಸೈನಿಕರಲ್ಲಿ ಇದನ್ನು ಮಾಡಹೊರಟರೆ ಮೊದಲ ತೊಡಕು ಚಿಪ್ಪಿನಲ್ಲೇ ಇದೆ. ಸಿಪಿಜಿಯ ಸಿ ಜಾಗದಲ್ಲಿ ಒಬ್ಬನಿಗೆ ಹುಟ್ಟಿನಿಂದಲೇ ಟಿ ಇದ್ದರೆ, ಚಿಪ್ಪು ಅದನ್ನು 'ಮಿಥೈಲ್ ಇಲ್ಲ' ಎಂದೇ ಓದುತ್ತದೆ. ಅಂಕಿಗಳನ್ನು ಚುಕ್ಕಿಯಾಗಿ ಹಾಕಿದರೆ 0, 0.5, 1ರ ಹತ್ತಿರ ಮೂರು ಗುಂಪು ಕಾಣುತ್ತದೆ, ಅದು ಮಿಥೈಲೇಷನ್ ಅಲ್ಲ, ಜಾತಕ. ಇಂಥ ಜಾಗಗಳನ್ನು ತೆಗೆದುಹಾಕಲು ಆಯಾ ಜನರ ಜೀನ್ ಭಿನ್ನತೆಯ ಪಟ್ಟಿ ಬೇಕು. ಹೆಚ್ಚಾಗಿ ಬಳಸುವ ಸಾವಿರ ಜೀನೋಮುಗಳ ಪಟ್ಟಿಯಲ್ಲಿ ದಕ್ಷಿಣ ಏಷ್ಯಾದ ಗುಂಪುಗಳು ಐದು: ಗುಜರಾತಿ, ಪಂಜಾಬಿ, ಬಂಗಾಳಿ, ಲಂಕಾ ತಮಿಳು, ತೆಲುಗು. ಬೆಂಗಳೂರಿನ ಐಐಎಸ್‌ಸಿ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುನ್ನಡೆಸಿದ ಜಿನೋಮ್ ಇಂಡಿಯಾ ಯೋಜನೆ ಸುಮಾರು 10,000 ಭಾರತೀಯರ ಜೀನೋಮ್ ಓದಿದೆ. ಕೊಡಗಿನವನೋ ಬೆಳಗಾವಿಯವನೋ ಆದ ಸೈನಿಕನ ರಕ್ತ ಓದುವ ಮುಂಚೆ ಚಿಪ್ಪನ್ನು ಸೋಸಬೇಕಾದದ್ದು ಆ ಪಟ್ಟಿಯಿಂದ.

ಸದ್ಯಕ್ಕೆ ಯಾವ ಲ್ಯಾಬ್ 'ಎಪಿಜೆನೆಟಿಕ್ ಒತ್ತಡ ಪರೀಕ್ಷೆ' ಮಾರಲು ಬಂದರೂ ಸೈನಿಕರ ಮನೆಯವರು ದುಡ್ಡು ಕೊಡಬೇಡಿ. 20 ಪ್ರಶ್ನೆಗಳ ಆ ಪಿಸಿಎಲ್-5 ಹಾಳೆ ಉಚಿತ, ಚಿಪ್ಪಿಗಿಂತ ಚೆನ್ನಾಗಿ ಹೇಳುತ್ತದೆ. ಕೆಲಸ ಮಾಡುವ ಚಿಕಿತ್ಸೆಗಳೂ ಇವೆ: ಪ್ರೊಲಾಂಗ್ಡ್ ಎಕ್ಸ್‌ಪೋಷರ್ 8ರಿಂದ 15 ಭೇಟಿ, ಒಂದೊಂದು ಸುಮಾರು 90 ನಿಮಿಷ; ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ 12 ಭೇಟಿ; ಔಷಧಿಗಳಲ್ಲಿ ಸರ್ಟ್ರಲೀನ್, ಪರಾಕ್ಸೆಟೀನ್, ವೆನ್‌ಲಫಾಕ್ಸಿನ್. ಪಿಟಿಎಸ್‌ಡಿಗೆಂದು ಅಲ್ಪ್ರಾಜೊಲಾಂ ಜಾತಿಯ ಮಾತ್ರೆ ಕೊಡಬೇಡಿ ಎಂದು ಅಮೆರಿಕದ ಸೇನಾ ಮಾರ್ಗಸೂಚಿ 2023ರಲ್ಲೂ ಹೇಳಿದೆ; ಆಗಲೇ ತೆಗೆದುಕೊಳ್ಳುತ್ತಿದ್ದರೆ ಮಾತ್ರ ತಾವಾಗಿ ತಟ್ಟನೆ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

ಅಧ್ಯಯನ ಮಾಡುವವರಿಗೆ ಕೊನೆಯದಾಗಿ ಟ್ಯೂಬಿನ ಮಾತು. ಹೊರಡುವ ಮುಂಚಿನ ಇಡಿಟಿಎ ಟ್ಯೂಬಿನ ಜತೆ ಅದೇ ಗಳಿಗೆಯ ರಕ್ತಕಣ ಎಣಿಕೆ ಬರೆದಿಡಿ, ಸ್ಫೋಟದ ಹತ್ತಿರ ಎಷ್ಟು ಸಲ ಇದ್ದರೆಂದು ಕೇಳಿ, ಪ್ಲಾಸ್ಮಾ ಬೇರೆ ಮಾಡಿ ಮೈನಸ್ 80ರಲ್ಲಿಡಿ. ಸಿಗರೇಟಿನ ಉತ್ತರವನ್ನು ಬಾಯಿಮಾತಿಗೆ ಬಿಡದೆ ಪ್ಲಾಸ್ಮಾದಲ್ಲಿ ಕೊಟಿನಿನ್ (ನಿಕೋಟಿನ್ ದೇಹದಲ್ಲಿ ಒಡೆದಾಗ ಹುಟ್ಟುವ ವಸ್ತು) ಅಳೆಯಿರಿ. ಅದು ಸುಮಾರು 16 ಗಂಟೆಗೊಮ್ಮೆ ಅರ್ಧವಾಗುತ್ತದೆ, ಹಾಗಾಗಿ ವಾರದ ಹಿಂದೆ ಬಿಟ್ಟವನೂ ಸೇದದವನಂತೆಯೇ ಕಾಣುತ್ತಾನೆ. ಸಿಜಿ05575921ರ ಇಳಿತವಾದರೋ ಸಿಗರೇಟು ಬಿಟ್ಟ ಮೇಲೆ ವರ್ಷಗಟ್ಟಲೆ ಉಳಿಯುತ್ತದೆ. ಅದನ್ನೇ ಸಿಗರೇಟಿನ ಅಳತೆಗೋಲು ಮಾಡಿಕೊಂಡು ಲೆಕ್ಕದಿಂದ ಕಳೆಯುವ ರೂಢಿ ಬೆಳೆದಿದೆ. ಸೈನಿಕರ ಅಧ್ಯಯನದಲ್ಲಿ ಹಾಗೆ ಮಾಡಿದರೆ ಸಿಗರೇಟಿನ ಜತೆ ಪಿಟಿಎಸ್‌ಡಿಯ ಪಾಲೂ ಕಳೆದುಹೋಗುತ್ತದೆ. ಎಷ್ಟು ವರ್ಷ, ದಿನಕ್ಕೆ ಎಷ್ಟು, ಬಿಟ್ಟು ಎಷ್ಟು ತಿಂಗಳಾಯಿತು ಎಂಬ ಮೂರು ಪ್ರಶ್ನೆ ಮತ್ತು ಕೊಟಿನಿನ್, ಇವನ್ನು ಇಟ್ಟುಕೊಂಡೇ ಲೆಕ್ಕ ಮಾಡಿ.